ಅನ್ನ ಹಾಕಿದರೆ ಸಾಕೇ?

ನಮ್ಮ ಮನೆಯ ನಾಯಿ ಟಾಮಿಗೆ ಈಗ ನಾಲ್ಕು ವರ್ಷ. ಎದುರಿಗೇ ರಸ್ತೆ, ಪಕ್ಕದ ಮನೆಯಲ್ಲಿ ಕೋಳಿಗಳು. ಹಾಗಾಗಿ ಹಗಲಿಡೀ ಹಟ್ಟಿಯ ಕಂಬಕ್ಕೆ ಕಟ್ಟಿರುತ್ತೇವೆ. ಹೊತ್ತಿಗೆ ಸರಿಯಾಗಿ ಅನ್ನ, ವರ್ಷಕ್ಕೊಮ್ಮೆ ಚುಚ್ಚುಮದ್ದು, ಯಾವುದಕ್ಕೂ ಕೊರತೆ ಮಾಡಿಲ್ಲ ಎಂದೇ ನನ್ನ ಭಾವನೆಯಾಗಿತ್ತು. ಕಳೆದ ಮಳೆಗಾಲದಲ್ಲಿ ಅದು ತನ್ನ ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು. ಪಶುವೈದ್ಯರು ಪರೀಕ್ಷಿಸಿ, ಮುಲಾಮು ಬರೆದುಕೊಟ್ಟು, ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದರು: "ಇದು ಇಡೀ ದಿನ ಏನು ಮಾಡುತ್ತದೆ?"

ನನ್ನ ಬಳಿ ಉತ್ತರ ಇರಲಿಲ್ಲ. ಅದು ಏನೂ ಮಾಡುವುದಿಲ್ಲ. ಮಾಡಲು ನಾವು ಏನನ್ನೂ ಬಿಟ್ಟಿಲ್ಲ.

ಬೇಸರವೂ ಒಂದು ನೋವೇ? ಮನುಷ್ಯರಿಗೆ ಹೌದು ಎಂದು ನಾವು ಸುಲಭವಾಗಿ ಒಪ್ಪುತ್ತೇವೆ. ನಾಯಿಯ ವಿಷಯ ಬಂದಾಗ ನಗುತ್ತೇವೆ. ಆದರೆ ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. ಬಿಟ್ಟ ನಾಯಿ ಹುಡುಕುತ್ತದೆ, ಮೂಸುತ್ತದೆ, ಕೆರೆಯುತ್ತದೆ, ಕಚ್ಚಿ ಎಳೆಯುತ್ತದೆ. ಅದರ ದಿನದ ಕೆಲಸವೇ ಅದು. ಸರಪಳಿ ಆ ಕೆಲಸವನ್ನು ಕಿತ್ತುಕೊಳ್ಳುತ್ತದೆ. ಬಟ್ಟಲಲ್ಲಿ ಸಿದ್ಧವಾಗಿ ಬರುವ ಅನ್ನ ಹುಡುಕಾಟದ ಅಗತ್ಯವನ್ನೂ ತೆಗೆದುಬಿಡುತ್ತದೆ. ಎರಡೇ ನಿಮಿಷದಲ್ಲಿ ಊಟ ಮುಗಿದರೆ ಉಳಿದ ದಿನವೆಲ್ಲ ಖಾಲಿ.

1963ರಲ್ಲಿ ಅಮೇರಿಕದ ಗ್ಲೆನ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಟ್ಟಲಿನಲ್ಲಿ ಆಹಾರ ಪುಕ್ಕಟೆಯಾಗಿ ಇದ್ದರೂ, ಸನ್ನೆಯನ್ನು ಒತ್ತಿ ಆಹಾರ ಪಡೆಯಲು ಕಲಿತಿದ್ದ ಇಲಿಗಳಲ್ಲಿ ಅನೇಕವು ಒತ್ತಿಯೇ ತಿಂದವು. ಎಲ್ಲ ಪ್ರಾಣಿಗಳೂ ಒಂದೇ ರೀತಿ ಅಲ್ಲ. ಆದರೂ ಜೀವಿಗೆ ಹೊಟ್ಟೆ ತುಂಬುವುದೊಂದೇ ಸಾಲದು ಎಂಬುದನ್ನು ಆ ಇಲಿಗಳು ತೋರಿಸಿದವು.

ಹಾಗಾಗಿ ಟಾಮಿಗೆ ಆಟಿಕೆ ಮಾಡಲು ಕುಳಿತೆ. ಮೂರು ಗೆರಟೆಗಳ ಅಂಚನ್ನು ಉಜ್ಜಿ ನಯ ಮಾಡಿ ಕವುಚಿ ಹಾಕಿದೆ. ಒಂದರ ಅಡಿಯಲ್ಲಿ ಮಾತ್ರ ಒಣಮೀನಿನ ಚೂರು. ಹಳೆಯ ಬೈರಾಸಿನಲ್ಲಿ ದೋಸೆಯ ತುಂಡುಗಳನ್ನು ಇಟ್ಟು ಸುರುಳಿ ಸುತ್ತಿದೆ. ಅಡಿಕೆ ಹಾಳೆಯೊಳಗೆ ಅನ್ನದ ಉಂಡೆ ಇಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದೆ. ನುಂಗಿದರೆ ಅಪಾಯವೆಂದು ಪ್ಲಾಸ್ಟಿಕ್ ಹಗ್ಗ, ಬಾಟಲಿಯ ಮುಚ್ಚಳಗಳನ್ನು ದೂರವಿಟ್ಟೆ. ಆಟ ಮುಗಿಯುವವರೆಗೆ ಹತ್ತಿರವೇ ನಿಂತೆ. ಮೊದಲ ದಿನ ಅದು ಹಾಳೆಯನ್ನು ನೋಡಿ ಹೆದರಿತು. ಮೂರನೆಯ ದಿನ ಗೆರಟೆಗಳನ್ನು ಮೂಗಿನಿಂದ ತಳ್ಳುತ್ತಾ ಬಾಲ ಅಲ್ಲಾಡಿಸುತ್ತಿತ್ತು. ಎರಡು ನಿಮಿಷದ ಊಟ ಇಪ್ಪತ್ತು ನಿಮಿಷದ ಕೆಲಸವಾಯಿತು.

ಚಾವಡಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ನನ್ನ ತಾಯಿ ಒಂದು ಸಂಜೆ ಹೇಳಿದರು: "ನಾಯಿಗೆ ಆಟ ಆಡಿಸಲು ನಿನಗೆ ಪುರುಸೊತ್ತಿದೆ. ನನ್ನ ಹತ್ತಿರ ಕುಳಿತು ಎಷ್ಟು ದಿನವಾಯಿತು?"

ಅವರ ಮಾತು ಅಸೂಯೆಯದ್ದಲ್ಲ, ನ್ಯಾಯದ್ದು. ಧರ್ಮಸಭೆಯ ಕ್ಯಾಟೆಕಿಸಂ 2418ನೇ ಪರಿಚ್ಛೇದದಲ್ಲಿ ಎರಡು ಮಾತುಗಳನ್ನು ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಹಾಗೆಯೇ ಮನುಷ್ಯರ ಸಂಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕುದಲ್ಲ. ನನ್ನ ಆಟಿಕೆಗಳಿಗೆ ಒಂದು ಪೈಸೆಯೂ ಖರ್ಚಾಗಿಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಆದರೆ ಹಣದ ಬಗ್ಗೆ ಹೇಳಿದ್ದು ಸಮಯಕ್ಕೂ ಅನ್ವಯಿಸುವುದಿಲ್ಲವೇ?

ಹಾಗಾದರೆ ಆಟಿಕೆ ಮಾಡುವುದನ್ನು ನಿಲ್ಲಿಸಬೇಕಿತ್ತೇ? ತುಂಬಾ ಯೋಚಿಸಿದೆ. ಟಾಮಿಯ ಇಪ್ಪತ್ತು ನಿಮಿಷವನ್ನು ಕಿತ್ತುಕೊಂಡರೆ ಅದು ತಾಯಿಗೆ ಸೇರುತ್ತಿತ್ತೇ? ಇಲ್ಲ, ಅದು ಮೊಬೈಲಿಗೆ ಹೋಗುತ್ತಿತ್ತು. ನನ್ನಲ್ಲಿ ಕಡಿಮೆಯಿದ್ದದ್ದು ಸಮಯವಲ್ಲ, ಗಮನ. ನಾಯಿಯ ಕಾಲಿನ ಹುಣ್ಣು ಕಣ್ಣಿಗೆ ಕಂಡಿತು, ತಾಯಿಯ ಮೌನ ಕಾಣಲಿಲ್ಲ. ತಾಯಿಗೂ ನಾನು ಹೊತ್ತಿಗೆ ಸರಿಯಾಗಿ ಅನ್ನ, ಮಾತ್ರೆ ಕೊಟ್ಟು ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಾಯಿಗೆ ಕೊಟ್ಟ ಆಟಿಕೆ ಉಡುಗೊರೆಯಲ್ಲ, ಸಾಲದ ಮರುಪಾವತಿ, ಅದೂ ಪೂರ್ತಿಯಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಒಡೆಯನ ಅಪರಾಧವೆಂದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ 11ನೇ ಸೆಕ್ಷನ್‌ನಲ್ಲಿ ಹೇಳುತ್ತದೆ. ಗೆರಟೆ ಕೊಟ್ಟು ಸರಪಳಿಯನ್ನು ಮರೆಮಾಚುವಂತಿಲ್ಲ. ತೋಬಿತನ ಗ್ರಂಥದಲ್ಲಿ ತೋಬಿಯಾ ದೂರದ ಪಯಣಕ್ಕೆ ಹೊರಟಾಗ ದೇವದೂತನ ಜೊತೆ ಅವನ ನಾಯಿಯೂ ನಡೆದು ಹೋಗುತ್ತದೆ. ಅಲ್ಲಿ ಅದಕ್ಕೆ ದೊಡ್ಡ ಕೆಲಸವೇನೂ ಇಲ್ಲ, ಜೊತೆಗಿದೆ ಅಷ್ಟೇ.

ಈಗ ಸಂಜೆ ಟಾಮಿಯನ್ನು ಬಿಚ್ಚಿ ತೋಟದ ಕಟ್ಟದ ಮೇಲೆ ನಡೆಸಿಕೊಂಡು ಬರುತ್ತೇನೆ. ಬಂದ ಮೇಲೆ ಚಾವಡಿಯಲ್ಲಿ ಕೂರುತ್ತೇನೆ. ಬೈರಾಸು ಸುತ್ತುವ ಕೆಲಸವನ್ನು ತಾಯಿ ತಾವೇ ಕೇಳಿ ತೆಗೆದುಕೊಂಡಿದ್ದಾರೆ. ನಾನು ಸುತ್ತಿದ್ದು ಬೇಗ ಬಿಚ್ಚಿಕೊಳ್ಳುತ್ತದಂತೆ. ಆದರೆ ಅವರಿಗೆ ಬೇಕಾಗಿದ್ದದ್ದು ಬೈರಾಸಲ್ಲ, ಪಕ್ಕದಲ್ಲಿ ಕುಳಿತು ಕೇಳುವ ಕಿವಿ ಎಂಬುದು ನನಗೆ ಗೊತ್ತಿದೆ. ಕೆಲವು ದಿನ ಈಗಲೂ ತಪ್ಪುತ್ತೇನೆ.

ವೈದ್ಯರ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತೇನೆ. ನಿಮ್ಮ ಮನೆಯಲ್ಲಿ ಕಂಬಕ್ಕೆ ಕಟ್ಟಿದ ನಾಯಿ, ಮೂಲೆಯ ಮಂಚದಲ್ಲಿರುವ ಹಿರಿಯರು, ಬಾಗಿಲು ಹಾಕಿಕೊಂಡ ಮಗು, ಎಲ್ಲರಿಗೂ ಊಟ ಸಿಕ್ಕಿರಬಹುದು. ಇಡೀ ದಿನ ಅವರು ಏನು ಮಾಡುತ್ತಾರೆ?