ಮಾಲೆ ಹಾಕಿದ ಗೆಳೆಯರು ಮತ್ತು ಕೈಯಲ್ಲಿರುವ ಫೋನ್

ಸ್ವಾಮಿಯೇ ಶರಣಂ ಅಯ್ಯಪ್ಪ.

ಹೋದ ಶನಿವಾರ ಚಿಂಚವಾಡದಲ್ಲಿ ಪಡಿಪೂಜೆ ಮುಗಿದು ಪ್ರಸಾದ ತೆಗೆದುಕೊಳ್ಳುವಾಗ ಒಬ್ಬ ಕನ್ನಿಸ್ವಾಮಿ ಕೇಳಿದರು: "ಸ್ವಾಮಿ, 41 ದಿನ ಫೋನ್ ದೂರ ಇಟ್ಟರೆ ಗೆಳೆಯರು ದೂರ ಆಗ್ತಾರೆ. ಹತ್ತಿರ ಇಟ್ಕೊಂಡ್ರೆ ಮನಸ್ಸು ಕೆಡ್ತದೆ. ಏನ್ ಮಾಡ್ಬೇಕು?" ಗುರುಸ್ವಾಮಿಗಳು ನಕ್ಕು ನನ್ನ ಕಡೆ ಕೈ ತೋರಿಸಿ, "ನಮ್ಮ ಕಂಪ್ಯೂಟರ್ ಸ್ವಾಮಿ ಇದಾರಲ್ಲ, ಅವರನ್ನ ಕೇಳ್ರಿ" ಅಂದರು. ನಾನು ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು ಐಟಿ ಸಪೋರ್ಟ್ ಕೆಲಸದಲ್ಲಿದ್ದೇನೆ. ತಂಡದಲ್ಲಿ ಯಾರು ಪಾಸ್‌ವರ್ಡ್ ಮರೆತರೂ, ಯಾರ ವರ್ಚುವಲ್ ಕ್ಯೂ ಬುಕಿಂಗ್ ಆಗದಿದ್ದರೂ ಫೋನ್ ಬರುವುದು ನನಗೇ. ಶಾಸ್ತ್ರ ಓದಿದವನಲ್ಲ, ಮೂರು ಸಲ ಮಲೆಗೆ ಹೋಗಿ ಬಂದವನು ಅಷ್ಟೇ. ತಿಳಿದಷ್ಟು ಬರೆಯುತ್ತೇನೆ, ಹಿರಿಯ ಸ್ವಾಮಿಗಳು ತಿದ್ದಬೇಕು.

ಮೊದಲು ನನ್ನ ಕೆಲಸದಿಂದಲೇ ಒಂದು ಮಾತು. ನಾವು ದಿನಕ್ಕೆ ಹತ್ತಾರು ಸಲ 'ಪಿಂಗ್' ಮಾಡುತ್ತೇವೆ. ವಿಂಡೋಸಿನಲ್ಲಿ ಆ ಕಮಾಂಡ್ ಹೊಡೆದರೆ ದೂರದ ಕಂಪ್ಯೂಟರಿಗೆ 4 ಸಣ್ಣ ಪ್ಯಾಕೆಟ್ ಹೋಗುತ್ತವೆ, ಒಂದೊಂದರಲ್ಲಿ 32 ಬೈಟ್. ಉತ್ತರ ಬಂದರೆ ಆ ಯಂತ್ರ ಆನ್ ಇದೆ, ನಡುವಿನ ದಾರಿ ಸರಿ ಇದೆ ಅಂತ ತಿಳಿಯಿತು. ಅಷ್ಟೇ. ಡಿಸ್ಕ್ ತುಂಬಿಹೋಗಿದೆಯೋ, ಫ್ಯಾನ್ ನಿಂತು ಬಿಸಿಯಾಗಿದೆಯೋ, ಅದರ ಮುಂದೆ ಕೂತವರು ಕಣ್ಣು ಒರೆಸಿಕೊಳ್ಳುತ್ತಿದ್ದಾರೋ, ಅದೆಲ್ಲ ಪಿಂಗಿಗೆ ಗೊತ್ತಾಗುವುದಿಲ್ಲ. ಪಿಂಗ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಎಷ್ಟು ದೊಡ್ಡ ಇಂಜಿನಿಯರಾದರೂ ಮೊದಲು ಮಾಡುವುದು ಅದನ್ನೇ. ಆದರೆ ಪಿಂಗ್ ಬಂತು ಅಂತ ಟಿಕೆಟ್ ಮುಚ್ಚಿಬಿಟ್ಟರೆ ಮ್ಯಾನೇಜರ್ ಕರೆದು ಬೈಯುತ್ತಾರೆ.

ಬೆಳಗ್ಗೆ ಎದ್ದು ಗುಂಪಿನಲ್ಲಿ ಅಯ್ಯಪ್ಪನ ಫೋಟೊ ಹಾಕಿ 'ಸ್ವಾಮಿ ಶರಣಂ' ಅನ್ನುತ್ತೇವಲ್ಲ, ಅದಕ್ಕೆ ಐವತ್ತು ಜನ ಕೈಮುಗಿಯುವ ಚಿಹ್ನೆ ಒತ್ತುತ್ತಾರಲ್ಲ, ಅದು ಪಿಂಗ್. ಒಂದು ವಾಟ್ಸಾಪ್ ಗುಂಪಿನಲ್ಲಿ ಈಗ 1024 ಜನರವರೆಗೆ ಸೇರಬಹುದು. 1024 ಪಿಂಗ್ ಬಂದರೂ ಒಬ್ಬ ಗೆಳೆಯನ ಒಳಗಿನ ಸ್ಥಿತಿ ಗೊತ್ತಾಗುವುದಿಲ್ಲ.

ಇದನ್ನು ಸುಮ್ಮನೆ ಉಪಮೆಗೆ ಹೇಳುತ್ತಿಲ್ಲ. ಹೋದ ವರ್ಷ ನಮ್ಮ ತಂಡದಲ್ಲೇ ನಡೆದದ್ದನ್ನು ಬರೆಯುತ್ತೇನೆ. ಆ ಸ್ವಾಮಿಯ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಹೆಸರು ಬರೆಯುವುದಿಲ್ಲ. ಅವರು ಕನ್ನಿಸ್ವಾಮಿ, ಬಾಗಲಕೋಟೆ ಕಡೆಯವರು, ಭೋಸರಿಯಲ್ಲಿ ರೂಮು ಮಾಡಿಕೊಂಡು ಒಬ್ಬರೇ ಇದ್ದರು. ದಿನಾ ಬೆಳಗ್ಗೆ ಐದಕ್ಕೆ ತಣ್ಣೀರು ಸ್ನಾನ ಮುಗಿಸಿ, ದೀಪ ಹಚ್ಚಿದ ಫೋಟೊ ಹಾಕುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ಒಂದೇ ಹೊತ್ತು ಊಟ ಅಂತ ಹೇಳಿದಾಗ ಎಲ್ಲರೂ "ಕನ್ನಿಸ್ವಾಮಿಯ ನಿಷ್ಠೆ ನೋಡಿ ಕಲೀರಿ" ಅಂತ ಹೊಗಳಿದರು.

ನಮ್ಮಲ್ಲಿ ಟೆಂಪೊ ಓಡಿಸುವ ಹಿರಿಯ ಸ್ವಾಮಿ ಒಬ್ಬರಿದ್ದಾರೆ. ಅವರಿಗೆ ಫೋನಿನಲ್ಲಿ ಫೈಲು ಕಳಿಸಲೂ ಬರುವುದಿಲ್ಲ, ತೆಗೆದುಕೊಳ್ಳಲೂ ಬರುವುದಿಲ್ಲ. ರೈಲು ಟಿಕೆಟಿಗೆ ಆಧಾರ್ ಪ್ರತಿ ಬೇಕಾಗಿತ್ತು. ಬೇರೆಯವರಾಗಿದ್ದರೆ ಫೋಟೊ ಕಳಿಸಿ ಅನ್ನುತ್ತಿದ್ದರು. ಇವರು ಟೆಂಪೊ ತಿರುಗಿಸಿಕೊಂಡು ನೇರ ರೂಮಿಗೇ ಹೋದರು. ಹೋಗಿ ನೋಡಿದರೆ ದೀಪದ ಎಣ್ಣೆ ಇದೆ, ಒಂದು ಪೊಟ್ಟಣ ಅವಲಕ್ಕಿ ಇದೆ, ಸ್ಟವ್ ಇದೆ, ಸಿಲಿಂಡರ್ ಇಲ್ಲ. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಸಿಲಿಂಡರ್ ಮಾರಿ ಬಾಡಿಗೆ ಕಟ್ಟಿದ್ದರು. ಊರಿಗೆ ಹೇಳಿರಲಿಲ್ಲ. ನಾವು ವ್ರತ ಅಂದುಕೊಂಡದ್ದು ಹಸಿವು, ಸ್ವಾಮಿ. ಉಪವಾಸ ಮಾಡುವವರ ನಡುವೆ ಹಸಿದವನನ್ನು ಗುರುತಿಸುವುದು ಎಷ್ಟು ಕಷ್ಟ ನೋಡಿ.

ಟೆಂಪೊ ಸ್ವಾಮಿ ಏನೂ ಕೇಳಲಿಲ್ಲವಂತೆ. "ಇವತ್ತು ನಮ್ಮನೇಲಿ ಭಿಕ್ಷೆ ಇಟ್ಕೊಂಡೀವಿ ಸ್ವಾಮಿ, ನೀವು ಬರದಿದ್ರೆ ಎಲಿ ಹಾಕಾಂಗಿಲ್ಲ" ಅಂದು ಕರೆದುಕೊಂಡು ಹೋದರು. ಅಂದು ರಾತ್ರಿ ಗುರುಸ್ವಾಮಿಗಳಿಗೆ ವಿಷಯ ತಿಳಿಯಿತು. ಅವರ ಮೊದಲ ಮಾತು: "ಇದನ್ನ ಗುಂಪಿನಾಗ ಹಾಕಬ್ಯಾಡ್ರಿ." ನಾಲ್ಕು ಜನರಿಗೆ ಮಾತ್ರ ಫೋನ್ ಮಾಡಿದರು, ಅದರಲ್ಲಿ ನಾನೂ ಒಬ್ಬ. ಮರುದಿನದಿಂದ ದಿನಕ್ಕೊಂದು ಮನೆಯಲ್ಲಿ ಭಿಕ್ಷೆ. ಮಾಲೆ ಹಾಕಿದ ಸ್ವಾಮಿಯನ್ನು ಊಟಕ್ಕೆ ಕರೆಯುವುದು ಪುಣ್ಯದ ಕೆಲಸ, ಕರೆದರೆ ಹೋಗುವುದೂ ಧರ್ಮ. ಕೊಡುವವನಿಗೂ ಸಂಕೋಚವಿಲ್ಲ, ಉಣ್ಣುವವನಿಗೂ ನಾಚಿಕೆಯಿಲ್ಲ. ನಮ್ಮ ಹಿರಿಯರು ಈ ಪದ್ಧತಿ ಯಾಕೆ ಇಟ್ಟರು ಅನ್ನುವುದು ನನಗೆ ಆ ಡಿಸೆಂಬರಿನಲ್ಲಿ ಅರ್ಥವಾಯಿತು.

ಆಮೇಲೆ ಫೋನ್ ಕೆಲಸಕ್ಕೆ ಬಂತು. ಅವರ ಬಯೋಡಾಟಾ ಹಳೆಯದಾಗಿತ್ತು. ನಾನು ನೈಟ್ ಶಿಫ್ಟಿನಲ್ಲಿದ್ದೆ, ಅವರು ಇನ್ನೊಬ್ಬ ಸ್ವಾಮಿಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ರಿಮೋಟ್‌ನಲ್ಲಿ ಸೇರಿಕೊಂಡು ಇಬ್ಬರೂ ಕೂಡಿ ತಿದ್ದಿದೆವು, ಬೆಳಗಿನ ಶರಣು ಹೇಳುವ ಹೊತ್ತಾಯಿತು. ಹೈದರಾಬಾದಿನ ಸ್ವಾಮಿ ಒಬ್ಬರು ನಾಲ್ಕು ಕಡೆ ಕಳಿಸಿದರು. ಎರಡು ಇಂಟರ್‌ವ್ಯೂ ವಿಡಿಯೊ ಕಾಲ್‌ನಲ್ಲೇ ಆದವು, ಟೆಂಪೊ ಸ್ವಾಮಿಯ ಮನೆಯಲ್ಲಿ, ಹಿಂದೆ ಮಕ್ಕಳ ಗಲಾಟೆ. ಜನವರಿಯಲ್ಲಿ ಚಾಕಣದ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಮಲೆಗೆ ನಮ್ಮ ಜೊತೆಗೇ ಬಂದರು. ಅವರ ಟಿಕೆಟಿನ ದುಡ್ಡು ಯಾರು ಕೊಟ್ಟರು ಅಂತ ಅವರಿಗೆ ಇಂದಿಗೂ ಗೊತ್ತಿಲ್ಲ, ಇದನ್ನು ಓದಿದ ಮೇಲೂ ಗೊತ್ತಾಗುವುದಿಲ್ಲ.

ಹಾಗಾಗಿ ತಂತ್ರಜ್ಞಾನ ಸ್ನೇಹವನ್ನು ಹಾಳು ಮಾಡುತ್ತದೆ ಅಂತ ಯಾರಾದರೂ ಪ್ರವಚನ ಮಾಡಿದರೆ ನಾನು ಒಪ್ಪುವುದಿಲ್ಲ. ಆ ರಾತ್ರಿಯ ನಂತರ ನಾವಿಬ್ಬರೂ ಮೊದಲಿನಂತೆ ಬರೀ ಪರಿಚಯದವರಾಗಿ ಉಳಿದಿಲ್ಲ. ಆದರೆ ಮೊದಲು ಯಾರೋ ಒಬ್ಬರು ಬಾಗಿಲು ತಟ್ಟಬೇಕಾಯಿತು.

ಎರುಮೇಲಿಯನ್ನು ನೆನಪಿಸಿಕೊಳ್ಳಿ. ಮುಖಕ್ಕೆ ಬಣ್ಣ ಬಳಿದುಕೊಂಡು, ಮರದ ಕತ್ತಿ ಬಾಣ ಹಿಡಿದು ಪೇಟತುಳ್ಳಲ್ ಕುಣಿಯುತ್ತ ಸಣ್ಣ ಶಾಸ್ತಾ ಗುಡಿಯಿಂದ ಹೊರಟು, ಎದುರಿಗಿರುವ ವಾವರ್ ಸ್ವಾಮಿಯ ಮಸೀದಿಗೆ ಹೋಗಿ, ಆಮೇಲೆ ದೊಡ್ಡ ದೇವಸ್ಥಾನಕ್ಕೆ ಹೋಗುತ್ತೇವೆ. ವಾವರ್ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಮೊದಲು ಎದುರಾಳಿಯಾಗಿ ಬಂದು ಮಣಿಕಂಠನೊಂದಿಗೆ ಹೋರಾಡಿ, ಆಮೇಲೆ ಜೀವದ ಗೆಳೆಯನಾದ ಅನ್ನುವುದು ನಾವು ಕೇಳಿರುವ ಕಥೆ. ಪಂದಳದ ಅರಮನೆಯಲ್ಲಿ ಬೆಳೆದ ಕುಮಾರನಿಗೆ ಗೆಳೆಯ ಸಿಕ್ಕಿದ್ದು ಎದುರುಬದುರು ನಿಂತಾಗ. ಸನ್ನಿಧಾನದಲ್ಲಿಯೂ ಹದಿನೆಂಟು ಮೆಟ್ಟಿಲಿನ ಹತ್ತಿರವೇ ವಾವರ್ ನಡೆ ಇದೆ, ಅಲ್ಲಿ ಕಾಳುಮೆಣಸು ಅರ್ಪಿಸುತ್ತೇವೆ. ಸ್ವಾಮಿಯ ದರ್ಶನಕ್ಕೆ ಹೊರಟವರು ಸ್ವಾಮಿಯ ಗೆಳೆಯನ ಬಾಗಿಲಿಗೆ ಕಾಲಲ್ಲಿ ನಡೆದು ಹೋಗುತ್ತೇವೆ, ಹೌದಲ್ಲ? ಅದೂ ಬೇರೆ ಧರ್ಮದ ಗೆಳೆಯ. ನಮ್ಮ ಫೋನು ಮಾಡುವುದು ಇದರ ಉಲ್ಟಾ. ನಾವು ಮೆಚ್ಚುವುದನ್ನೇ, ನಮ್ಮಂತೆಯೇ ಮಾತಾಡುವವರನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಆ ಸ್ಕ್ರೀನಿನಲ್ಲಿ ವಾವರ್ ಸಿಗುವುದು ಕಷ್ಟ.

ಇರುಮುಡಿಯದೂ ಹಾಗೇ. ಮುಂದಿನ ಮುಡಿಯಲ್ಲಿ ತುಪ್ಪದ ಕಾಯಿ, ಸ್ವಾಮಿಗೆ ಸಲ್ಲುವ ಸಾಮಾನು. ಹಿಂದಿನ ಮುಡಿಯಲ್ಲಿ ನಮ್ಮ ದಾರಿಯ ಬುತ್ತಿ. ಕಟ್ಟುವ ದಿನ ಮನೆಯವರು, ಗೆಳೆಯರು ಒಂದೊಂದು ಹಿಡಿ ಅಕ್ಕಿ ಹಾಕುತ್ತಾರೆ. ಆಮೇಲೆ ಅದನ್ನು ನಮಗೆ ನಾವೇ ತಲೆಗೇರಿಸಿಕೊಳ್ಳುವುದಿಲ್ಲ, ಗುರುಸ್ವಾಮಿ ಎತ್ತಿ ಇಡುತ್ತಾರೆ. ದಾರಿಯಲ್ಲಿ ಇಳಿಸಬೇಕಾದರೂ ನಮ್ಮ ತಂಡದಲ್ಲಿ ಪಕ್ಕದ ಸ್ವಾಮಿಯ ಕೈ ಬೇಕು. ನೀಲಿಮಲೆ ಹತ್ತಿ ಅಪ್ಪಾಚಿಮೇಡಿನ ಏರಿನಲ್ಲಿ ಉಸಿರು ಬಿಡುವಾಗ, ಹಿಂದಿನಿಂದ ಬೆನ್ನಿಗೆ ಒಂದು ಕೈ ಬರುತ್ತದೆ. ತಿರುಗಿ ನೋಡಿದರೆ ಗೊತ್ತಿಲ್ಲದ ಆಂಧ್ರದ ಸ್ವಾಮಿಯೋ ತಮಿಳು ಸ್ವಾಮಿಯೋ ಇರುತ್ತಾರೆ. ಅವರ ಹೆಸರೂ ಸ್ವಾಮಿ, ನಮ್ಮ ಹೆಸರೂ ಸ್ವಾಮಿ. ಪ್ರೊಫೈಲ್ ಫೋಟೊ, ಕಂಪನಿ, ಹುದ್ದೆ ಯಾವುದೂ ಅಲ್ಲಿ ಇಲ್ಲ.

ಅಂದಹಾಗೆ, ಮೈಕೂ ಒಂದು ತಂತ್ರಜ್ಞಾನವೇ. ಜನಸಂದಣಿಯಲ್ಲಿ ತಪ್ಪಿಸಿಕೊಂಡವರ ಹೆಸರನ್ನು ಕನ್ನಡದಲ್ಲೂ ಕೂಗುತ್ತಾರಲ್ಲ, ಎಷ್ಟು ಜನ ಮತ್ತೆ ಒಂದಾಗಿಲ್ಲ! ಮಂಡಿನೋವಿನಿಂದ ಈಗ ಮಲೆ ಹತ್ತಲಾಗದ ಮುಂಬೈಯ ಹಿರಿಯ ಸ್ವಾಮಿಯೊಬ್ಬರು ಶರಣು ಘೋಷವನ್ನು ಧ್ವನಿಯಲ್ಲೇ ಕಳಿಸಿ ಕನ್ನಿಸ್ವಾಮಿಗಳಿಗೆ ಕಲಿಸುತ್ತಾರೆ. ದೆಹಲಿಯಲ್ಲಿ ಒಬ್ಬರೇ ಮಾಲೆ ಹಾಕಿರುವ ಸ್ವಾಮಿ ನಮ್ಮ ಭಜನೆಗೆ ವಿಡಿಯೊದಲ್ಲಿ ಬಂದು ಕೂರುತ್ತಾರೆ. ಅವರಿಗೆ ಫೋನ್ ಬಿಡಿ ಅಂತ ಹೇಳುವ ಬಾಯಿ ನನಗಿಲ್ಲ.

ಕನ್ನಿಸ್ವಾಮಿಗೆ ನನ್ನ ಉತ್ತರ ಇದು. ರೀಲ್ಸ್, ಗೇಮು, ಜಗಳದ ಗುಂಪುಗಳು ಇವನ್ನು ಮಾಲೆಯ ದಿನವೇ ತೆಗೆದುಹಾಕಿ. ಅದಕ್ಕೆ ಗುರುಸ್ವಾಮಿಯ ಅಪ್ಪಣೆ ಕೇಳುವುದೂ ಬೇಡ. ಗೆಳೆಯರಿಗೆ ಟೈಪ್ ಮಾಡುವ ಬದಲು ಧ್ವನಿ ಕೇಳಿ. ಧ್ವನಿಯಲ್ಲಿ ಅನುಮಾನ ಬಂದರೆ ಬಸ್ಸು ಹತ್ತಿ. ಇನ್ನೊಂದು, ನನಗೆ ಹೆಚ್ಚು ಕಾಡುವುದು ಇದೇ: ಮಾಲೆ ತೆಗೆದ ಮೇಲೆ ಏನು? ಜನವರಿ ಮುಗಿಯುತ್ತಿದ್ದಂತೆ ನಮ್ಮ ಗುಂಪು ಮಲಗಿಬಿಡುತ್ತದೆ, ಮತ್ತೆ ಎಚ್ಚರವಾಗುವುದು ನವೆಂಬರಿನಲ್ಲಿ. 41 ದಿನ ಸ್ವಾಮಿ ಅಂದವರಿಗೆ ಉಳಿದ ಹತ್ತು ತಿಂಗಳು ನಾವು ಏನಂತ ಕರೆಯಬೇಕು? ಸನ್ನಿಧಾನದ ಮುಂದೆ ಬರೆದಿರುವ ಉಪನಿಷತ್ತಿನ ಮಹಾವಾಕ್ಯದ ಅರ್ಥ, ನೀನು ಹುಡುಕುತ್ತಿರುವುದು ನಿನ್ನಲ್ಲೇ ಇದೆ ಎಂದು ಗುರುಸ್ವಾಮಿಗಳು ಹೇಳುತ್ತಾರೆ. ನನ್ನಲ್ಲಿದ್ದರೆ ಭೋಸರಿಯ ಆ ರೂಮಿನಲ್ಲಿ ಕೂತವನಲ್ಲೂ ಇತ್ತು. ಅದಕ್ಕೆ ಸೀಸನ್ ಇಲ್ಲ.

ಈ ವರ್ಷ ನಮ್ಮ ತಂಡದಲ್ಲಿ ಒಂದು ವ್ಯವಸ್ಥೆ ಮಾಡಿದ್ದೇವೆ. ಪ್ರತಿಯೊಬ್ಬ ಸ್ವಾಮಿಗೆ ಇಬ್ಬರ ಹೆಸರು ಕೊಟ್ಟಿದೆ. ವಾರಕ್ಕೊಮ್ಮೆ ಫೋನ್, ತಿಂಗಳಿಗೊಮ್ಮೆ ಮನೆಗೆ ಹೋಗಿ ಬರುವುದು, ಮುಂದಿನ ನವೆಂಬರಿನವರೆಗೆ. ಹೊರ ಊರಲ್ಲಿದ್ದವರಿಗೆ ವಿಡಿಯೊ ಸಾಕು, ಆದರೆ ಹತ್ತು ನಿಮಿಷಕ್ಕಿಂತ ಕಡಿಮೆ ಆಗಬಾರದು. ಪ್ರಶ್ನೆ ಕೇಳಿದ ಕನ್ನಿಸ್ವಾಮಿಯನ್ನು ಟೆಂಪೊ ಸ್ವಾಮಿಗೇ ಒಪ್ಪಿಸಿದ್ದೇವೆ.

ಬರುವ ಶನಿವಾರ ಸಂಜೆ ಭಿಕ್ಷೆ ಟೆಂಪೊ ಸ್ವಾಮಿಯ ಮನೆಯಲ್ಲಿ. ಜೋಳದ ರೊಟ್ಟಿ, ಹೆಸರುಬೇಳೆ ಪಲ್ಯ ಇರುತ್ತದೆ ಅಂತ ಕೇಳಿದೆ. ವಿಳಾಸ ಬೇಕಾದವರು ನನಗೆ ಫೋನ್ ಮಾಡಿ, ಮೆಸೇಜ್ ಬೇಡ.

ಸ್ವಾಮಿಯೇ ಶರಣಂ ಅಯ್ಯಪ್ಪ.