ಅಂತ್ಯಕಾಲದ ಆರೈಕೆಯೂ ನಿರ್ಯಾಪಕ ಧರ್ಮವೂ

ಗುಣವಾಗದ ವ್ಯಾಧಿಯಿಂದ ಹಾಸಿಗೆ ಹಿಡಿದ ಹಿರಿಯರನ್ನು ಕೊನೆಯವರೆಗೂ ಮನೆಯಲ್ಲಿಯೇ ಇರಿಸಿಕೊಳ್ಳಬೇಕೇ, ಅಥವಾ ಅಂತ್ಯಕಾಲದ ಆರೈಕೆಗೆಂದೇ ಏರ್ಪಟ್ಟಿರುವ ಹಾಸ್ಪೈಸ್ ಎಂಬ ಆಶ್ರಯಧಾಮಕ್ಕೆ ಒಪ್ಪಿಸಬಹುದೇ ಎಂಬ ಪ್ರಶ್ನೆಯು ಇಂದು ಕರಾವಳಿಯ ಶ್ರಾವಕ ಕುಟುಂಬಗಳ ಮುಂದೆ ಬಂದು ನಿಂತಿದೆ. ಬ್ರಹ್ಮಾವರದ ಸುತ್ತಮುತ್ತ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಕತ್ತಲೆ ಬಸದಿಯ ಕಲ್ಲುಕಂಬಗಳು ಇಂದಿಗೂ ನಿಂತಿವೆಯಾದರೂ, ಕಾರ್ಕಳ ಮೂಡುಬಿದಿರೆಗಳಲ್ಲಿರುವಂತೆ ಭಟ್ಟಾರಕರ ಮಠವಾಗಲಿ ಕೂಗಿದರೆ ಓಗೊಡುವ ಶ್ರಾವಕ ಸಮೂಹವಾಗಲಿ ಇಲ್ಲಿಯ ಮನೆಗಳ ಪಕ್ಕದಲ್ಲಿಲ್ಲ. ಮಕ್ಕಳು ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ಮಣಿಪಾಲವಾದರೋ ಗಂಟೆಯೊಳಗಿನ ಹಾದಿ. ಅಲ್ಲಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಚಿಕಿತ್ಸೆಯ ವಿಭಾಗವುಂಟು, ಮಣಿಪಾಲ ಸಂಸ್ಥೆಯ ಹಾಸ್ಪೈಸೂ ಉಂಟು. ಆದುದರಿಂದ ಒಪ್ಪಿಸುವುದು ಸುಲಭವಾಗಿದೆ. ಒಪ್ಪಿಸಲ್ಪಟ್ಟ ಸ್ಥಳದ ಯೋಗ್ಯತೆಯನ್ನು ಅಳೆಯುವುದು ಮಾತ್ರ ಸುಲಭವಾಗಿಲ್ಲ.

ಏಕೆಂದರೆ ಇತರ ಆಸ್ಪತ್ರೆಗಳನ್ನು ಅಳೆಯುವ ಕೋಲು ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಎಷ್ಟು ಜನ ಗುಣಮುಖರಾಗಿ ಹೊರಟರೆಂದು ಕೇಳಬಹುದು. ಇಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಆರೈಕೆಯನ್ನು ನಿಜವಾಗಿ ಪಡೆದವನು ಮರಳಿ ಬಂದು ಸಾಕ್ಷಿ ನುಡಿಯುವುದಿಲ್ಲ. ಉಳಿದವರ ಸಾಕ್ಷ್ಯದಲ್ಲಿ ದುಃಖವೂ, ಭಾರವಿಳಿದ ನಿರಾಳವೂ, ಅಪ್ಪನನ್ನು ಅನ್ಯರ ಕೈಗೆ ಕೊಟ್ಟೆವಲ್ಲಾ ಎಂಬ ಅಳುಕೂ ಬೆರೆತಿರುತ್ತವೆ. ನೆಲದ ಹೊಳಪನ್ನೂ ದಾದಿಯರ ನಗುಮುಖವನ್ನೂ ನೆರೆಮನೆಯವರ ಹೊಗಳಿಕೆಯನ್ನೂ ಕಂಡು ತೀರ್ಪು ಕೊಡುವುದು ರೂಢಿ. ಅವುಗಳಲ್ಲಿ ಯಾವುದೂ ಸುಳ್ಳಲ್ಲ, ಸಾಲುವುದೂ ಇಲ್ಲ.

ಹಾಸ್ಪೈಸ್ ಎಂಬುದು ಪರದೇಶದಿಂದ ಬಂದ ಪದ್ಧತಿ, ಅದಕ್ಕೂ ಜಿನಧರ್ಮಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದುದು, ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಆಶ್ರಮವು ಆರಂಭವಾದುದು, ಕಲ್ಲಿಕೋಟೆಯಲ್ಲಿ 1993ರಿಂದ ನೆರೆಹೊರೆಯವರನ್ನೇ ಸೇವೆಗೆ ತೊಡಗಿಸುವ ಪದ್ಧತಿ ಬೆಳೆದುದು, ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರ್ ಪೀಡಿತರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವುದು, ಇವೆಲ್ಲ ಈಚಿನ ಚರಿತ್ರೆ. ಆದರೆ ಸಾಯುವವನ ಸುತ್ತ ಸೇವಕರ ವ್ಯೂಹವನ್ನು ರಚಿಸಿ, ಯಾರ ಕೆಲಸ ಏನೆಂದು ಹಂಚಿಕೊಟ್ಟ ಗ್ರಂಥವೊಂದು ಈ ಪರಂಪರೆಯಲ್ಲಿ ಬಹು ಹಿಂದೆಯೇ ಇತ್ತು. ಅದು ಶಿವಾರ್ಯರ ಭಗವತೀ ಆರಾಧನಾ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೂ ಆ ಗ್ರಂಥವೇ ಮೂಲವೆಂಬುದನ್ನು ಓದುಗರು ಬಲ್ಲರು.

ಸಲ್ಲೇಖನವನ್ನು ಕೈಗೊಂಡ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕರಿರಬೇಕೆಂದು ಅಲ್ಲಿ ಹೇಳಲಾಗಿದೆ. ನಾಲ್ಕು ನಾಲ್ಕು ಜನರಂತೆ ಅವರಿಗೆ ಕೆಲಸ ಹಂಚಲಾಗಿದೆ. ದೇಹವನ್ನು ಎತ್ತಿ ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಆಹಾರದ ವ್ಯವಸ್ಥೆಯವರು, ಪಾನದ ವ್ಯವಸ್ಥೆಯವರು, ಮಲಮೂತ್ರಗಳನ್ನು ತೆಗೆದು ಶಯ್ಯೆಯನ್ನು ಶುಚಿಗೊಳಿಸುವವರು, ಬಾಗಿಲು ಕಾಯುವವರು, ರಾತ್ರಿ ನಿದ್ರೆಗೆಟ್ಟು ಕೂರುವವರು, ಕಡೆಗೆ ನಾಡಿನ ಆಗುಹೋಗುಗಳನ್ನು ಗಮನಿಸುವವರೂ ಬೇರೆ ಬೇರೆ. (ಈ ಸಂಖ್ಯೆಯನ್ನು ಕೇಳಿ ನಗುವವರು, ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ರೋಗಿಗಾಗಿ ಮೂರು ಪಾಳಿಗಳಲ್ಲಿ ಓಡಾಡುವವರನ್ನು ಒಮ್ಮೆ ಎಣಿಸಿ ನೋಡಬಹುದು.) ಕಾಲ ದೇಶಗಳನ್ನು ನೋಡಿ ಸಂಖ್ಯೆಯನ್ನು ಇಳಿಸಬಹುದೆಂದೂ ಗ್ರಂಥ ಒಪ್ಪುತ್ತದೆ. ಆದರೆ ಎರಡಕ್ಕಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ನಿರ್ಯಾಪಕನು ಒಬ್ಬನೇ ಆದರೆ ಅವನು ತನ್ನನ್ನು ಕಡೆಗಣಿಸುತ್ತಾನೆ, ಇಲ್ಲವೇ ಕ್ಷಪಕನನ್ನು ಕಡೆಗಣಿಸುತ್ತಾನೆ ಎಂಬುದು ಅದರ ಕಾರಣ.

ಮನೆಯೇ ಶ್ರೇಷ್ಠವೆಂದು ಹಟ ಹಿಡಿಯುವವರು ಈ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. ಇಂದಿನ ಮನೆಗಳಲ್ಲಿ ಆ ಒಬ್ಬನೇ ನಿರ್ಯಾಪಕ ಯಾರು? ಬಹುಮಟ್ಟಿಗೆ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಬೆಳಗಿನ ಜಾವಕ್ಕೆ ಎದ್ದು ಬಾವಿನೀರು ಸೋಸಿ, ಅಡಿಗೆ ಮಾಡಿ, ಹೊಲಸಾದ ಬಟ್ಟೆ ಒಗೆದು, ಎರಡು ಗಂಟೆಗೊಮ್ಮೆ ಮಾವನವರ ಮಗ್ಗುಲು ಬದಲಿಸಿ, ರಾತ್ರಿ ಅವರ ನರಳಾಟಕ್ಕೆ ಎಚ್ಚರವಿರುವ ಆಕೆಯ ದೇಹವೂ ಒಂದು ದಿನ ಕುಸಿಯುತ್ತದೆ. ಆಗ ಮಗ್ಗುಲು ಬದಲಿಸುವುದು ನಾಲ್ಕು ಗಂಟೆಗೊಮ್ಮೆಯಾಗುತ್ತದೆ, ಬೆನ್ನಿನಲ್ಲಿ ಹುಣ್ಣು ಬೀಳುತ್ತದೆ. ಅಳಿಯಸಂತಾನದ ಕಾಲದ ತುಳುನಾಡಿನ ಜೈನಮನೆಗಳಲ್ಲಿ ಅಕ್ಕತಂಗಿಯರೂ ಅವರ ಮಕ್ಕಳೂ ಒಂದೇ ಸೂರಿನಡಿ ಇರುತ್ತಿದ್ದರು, ಕೈಗಳು ಹಲವಿದ್ದವು. ಆ ಮನೆ ಈಗ ಇಲ್ಲ. ಆದುದರಿಂದ ಆಶ್ರಯಧಾಮಕ್ಕೆ ಒಪ್ಪಿಸುವುದನ್ನು ಕರ್ತವ್ಯಚ್ಯುತಿಯೆಂದು ಎಣಿಸುವುದು ಶಾಸ್ತ್ರಸಮ್ಮತವಲ್ಲ. ನಿರ್ಯಾಪಕರ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ಆ ಸಂಖ್ಯೆಯಲ್ಲಿ ಮನೆಯವರೂ ಉಳಿಯುವುದಾದರೆ ಅದು ವೈಯಾವೃತ್ಯವೇ ಸರಿ. ತತ್ತ್ವಾರ್ಥಸೂತ್ರದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನೂ, ಅಂದರೆ ರೋಗಪೀಡಿತನೂ ಒಬ್ಬನು. ಅಲ್ಲಿ ಎಣಿಸಿರುವುದು ಸಂಘದವರನ್ನಾದರೂ, ಆ ಭಾವನೆಯು ಗೃಹಸ್ಥನ ಮನೆಯ ಹಾಸಿಗೆಯವರೆಗೆ ಬರಬಾರದೆಂದು ಯಾರೂ ಹೇಳಲಾರರು.

ಹಾಗಾದರೆ ಅಳೆಯುವುದು ಹೇಗೆ? ಮೊದಲು ವೇದನೆಯ ಮಾತು. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯಿಂದ ಹುಟ್ಟುವುದೂ ಒಂದು. ತೀವ್ರವಾದ ನೋವಿನಲ್ಲಿ ಮನಸ್ಸು ಪಂಚನಮಸ್ಕಾರದ ಕಡೆಗೆ ಹೋಗದೆ ನೋವಿನ ಸುತ್ತಲೇ ಸುತ್ತುತ್ತದೆ. ನೋವನ್ನು ಸಹಿಸುವುದೇ ತಪಸ್ಸು, ಔಷಧವು ತಪೋಭಂಗ ಎಂದು ಕೆಲವು ಹಿರಿಯರು ನಂಬಿದ್ದಾರೆ. ಆದರೆ ಭಗವತೀ ಆರಾಧನೆಯೇ ವೇದನೆಯಿಂದ ಕಂಗೆಟ್ಟ ಕ್ಷಪಕನಿಗೆ ಲೇಪ, ಕಾವು, ಶೀತೋಪಚಾರ, ಅಭ್ಯಂಗ, ಅಂಗಮರ್ದನಗಳಿಂದ ಚಿಕಿತ್ಸೆ ಮಾಡಬೇಕೆನ್ನುತ್ತದೆ. ಇಂದಿನ ವೈದ್ಯರ ಕೈಯಲ್ಲಿರುವ ಮಾರ್ಫಿನ್ ಆ ಸಾಲಿಗೆ ಸೇರಿದ ಸಾಧನ. ಅದನ್ನು ಕ್ರಮವಾಗಿ, ನೋವಿಗೆ ತಕ್ಕ ಅಳತೆಯಲ್ಲಿ ಕೊಟ್ಟರೆ ಮೊದಲ ಕೆಲವು ದಿನಗಳ ಮಂಪರು ಸಾಮಾನ್ಯವಾಗಿ ಕಳೆದು ಎಚ್ಚರ ಉಳಿಯುತ್ತದೆ. ಮಲಬದ್ಧತೆಯೊಂದು ಮಾತ್ರ ಕಳೆಯುವುದಿಲ್ಲ. ಆದುದರಿಂದ ತಿಳಿದ ವೈದ್ಯರು ಮೊದಲ ದಿನದಿಂದಲೇ ಭೇದಿಯ ಔಷಧವನ್ನೂ ಜೊತೆಗೆ ಬರೆಯುತ್ತಾರೆ. ಆಶ್ರಯಧಾಮವು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಈ ಒಂದು ಸಂಗತಿಯೇ ಬಹಳಷ್ಟನ್ನು ಹೇಳುತ್ತದೆ. ಶೌಚವಾಯಿತೇ ಎಂದು ದಿನವೂ ಕೇಳುವವರು ಅಲ್ಲಿದ್ದಾರೆಯೇ? ಮುನಿಯ ವಾಂತಿಯನ್ನು ಅಸಹ್ಯಪಡದೆ ಕೈಯಾರೆ ತೊಳೆದ ಉದ್ದಾಯನ ರಾಜನನ್ನು ನಿರ್ವಿಚಿಕಿತ್ಸೆಗೆ ಉದಾಹರಣೆಯಾಗಿ ಪ್ರತಿವರ್ಷವೂ ಕೇಳುವ ಸಮಾಜಕ್ಕೆ ಈ ಪ್ರಶ್ನೆ ಕೀಳೆನಿಸಬಾರದು.

ಎರಡನೆಯದು ವ್ರತದ ಮಾತು. ಐವತ್ತು ವರ್ಷ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದ ಅಜ್ಜಿಗೆ ರಾತ್ರಿ ಹತ್ತಕ್ಕೂ ನಡುರಾತ್ರಿ ಎರಡಕ್ಕೂ ಗುಳಿಗೆ ನುಂಗಿಸಿದರೆ, ನೋವು ಹೋದರೂ ಮನಸ್ಸಿನಲ್ಲಿ ಬೇರೊಂದು ನೋವು ಹೊಕ್ಕಂತಾಗುತ್ತದೆ. ಸಾಮಾನ್ಯ ಮಾರ್ಫಿನ್ ಗುಳಿಗೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕಾಗುವುದು ನಿಜ. ಆದರೆ ಹನ್ನೆರಡು ಗಂಟೆಗಳ ಕಾಲ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗಳಿವೆ. ಸೂರ್ಯೋದಯದ ಬಳಿಕ ಒಂದು, ಸೂರ್ಯಾಸ್ತಕ್ಕೆ ಮುನ್ನ ಒಂದು ಎಂದರೆ ವ್ರತಕ್ಕೂ ಔಷಧಕ್ಕೂ ಬಹುಮಟ್ಟಿಗೆ ಹೊಂದಾಣಿಕೆಯಾಗುತ್ತದೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯಾದರೆ ಒಂದನ್ನು ಸುಮಾರು 72 ಗಂಟೆಗಳ ಕಾಲ ಇರಿಸುತ್ತಾರೆ. ಯಾವುದು ಯಾರಿಗೆ ಸರಿಹೊಂದುವುದೆಂದು ನಿರ್ಧರಿಸುವವರು ವೈದ್ಯರು. ಅಂತೆಯೇ ಪ್ರಾಣಿಗಳ ಮೂಳೆ ಚರ್ಮಗಳಿಂದ ತಯಾರಾಗುವ ಜೆಲಟಿನ್ನಿನ ಕ್ಯಾಪ್ಸೂಲುಗಳ ಬದಲಿಗೆ ಮಾತ್ರೆ ಸಿಗುವುದೇ ಎಂದು ಕೇಳಬಹುದು. ಇದನ್ನೆಲ್ಲ ಪ್ರಸ್ತಾಪಿಸಿದಾಗ ಅಲ್ಲಿಯವರು ನಕ್ಕು ತಳ್ಳಿಹಾಕುತ್ತಾರೆಯೋ, ಕುಳಿತು ಯೋಚಿಸುತ್ತಾರೆಯೋ ಎಂಬುದು ಗಮನಾರ್ಹ. ಜೈನರಲ್ಲದ ದಾದಿಯು ವ್ರತದ ಅರ್ಥವನ್ನು ತಿಳಿದಿರಬೇಕಾಗಿಲ್ಲ. ಅದು ರೋಗಿಗೆ ಅರ್ಥಪೂರ್ಣವೆಂದು ತಿಳಿದರೆ ಸಾಕು.

ಇಷ್ಟರವರೆಗಿನದು ವಿಚಾರಿಸಿ ತಿಳಿಯಬಹುದಾದ ಸಂಗತಿ. ಕಠಿಣವಾದುದು ಮುಂದಿದೆ. ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಬದುಕಿನ ಆಸೆಯಾದ ಜೀವಿತಾಶಂಸೆ, ಬೇಗ ಸಾಯುವ ಆಸೆಯಾದ ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಇವು ಕ್ಷಪಕನ ದೋಷಗಳು. ಆದರೆ ಹಾಸಿಗೆಯ ಸುತ್ತ ನಿಂತವರನ್ನು ನೋಡಿದರೆ, ಮೊದಲೆರಡು ಅತಿಚಾರಗಳು ಹಲವೊಮ್ಮೆ ಅವರಲ್ಲಿಯೇ ಕಾಣುತ್ತವೆ. ದೂರದ ಊರಿನಿಂದ ಬಂದಿಳಿದ ಮಗನು ಮೂಗಿನಲ್ಲಿ ನಳಿಕೆ ಹಾಕಿಸಿ, ಉಸಿರಾಟದ ಯಂತ್ರಕ್ಕೆ ಜೋಡಿಸಿ ಎನ್ನುತ್ತಾನೆ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಂಗುತ್ತದೆಂಬುದನ್ನೂ, ನಳಿಕೆಯ ಮೂಲಕ ತುಂಬಿದ ಆಹಾರ ಶ್ವಾಸಕೋಶಕ್ಕೆ ಹೋಗಿ ಕಷ್ಟವನ್ನು ಹೆಚ್ಚಿಸಬಹುದೆಂಬುದನ್ನೂ ಅವನು ಕೇಳಲಾರ. ಇನ್ನೊಂದು ಬದಿಯಲ್ಲಿ ತಿಂಗಳುಗಟ್ಟಲೆ ದಣಿದವರಿಗೆ, ಬಾಯಿಬಿಟ್ಟು ಹೇಳದಿದ್ದರೂ, ಇದು ಮುಗಿದರೆ ಸಾಕೆನಿಸುತ್ತದೆ. ಸಮಾಧಿಮರಣವಾಯಿತೆಂಬ ಕೀರ್ತಿಯ ಆಸೆಯೂ ಅದಕ್ಕೆ ಸೇರಿಕೊಳ್ಳಬಹುದು. ಆಗ ಪ್ರಜ್ಞೆಯಿಲ್ಲದ ಹಿರಿಯರ ಕಿವಿಯಲ್ಲಿ ತ್ಯಾಗದ ಮಾತನ್ನು ಉಚ್ಚರಿಸಿ, ಸಲ್ಲೇಖನ ಕೊಡಿಸಿದೆವೆಂದು ಸಾರುವುದುಂಟು.

ಇದು ಸಲ್ಲೇಖನವಲ್ಲ. ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುವುದು ಸರಿಯೇ, ಅದು ಪ್ರೀತಿಯ ಕಾರ್ಯ. ಆದರೆ ವ್ರತವೆಂಬುದು ತೆಗೆದುಕೊಳ್ಳುವಂಥದು, ಹೊರಿಸುವಂಥದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪರಿಹಾರವಿಲ್ಲದಂತೆ ಬಂದಾಗ ಮಾತ್ರ ಸಲ್ಲೇಖನವನ್ನು ಹೇಳಿದ್ದಾರೆ. ಸ್ನೇಹ, ವೈರಗಳನ್ನು ತೊರೆದು ಎಲ್ಲರಲ್ಲಿ ಕ್ಷಮೆ ಬೇಡುವುದು ಅಲ್ಲಿ ಮೊದಲು ಬರುತ್ತದೆ. ಬಳಿಕ ಘನಾಹಾರದಿಂದ ಹಾಲಿಗೆ, ಹಾಲಿನಿಂದ ಗಂಜಿ ಬಿಸಿನೀರಿಗೆ, ಆಮೇಲೆ ಉಪವಾಸಕ್ಕೆ ಇಳಿಯುವ ಕ್ರಮ. ಎಚ್ಚರವಿಲ್ಲದವನು ಕ್ಷಮೆ ಬೇಡುವುದು ಹೇಗೆ? ಆಚಾರ್ಯ ಶಾಂತಿಸಾಗರರು ದೃಷ್ಟಿ ಕುಂದಿ ಈರ್ಯಾಸಮಿತಿಯ ಪಾಲನೆ ಅಸಾಧ್ಯವಾದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ತಾವೇ ನಿರ್ಧರಿಸಿ ಮೂವತ್ತಾರು ದಿನಗಳ ಸಲ್ಲೇಖನದಿಂದ ದೇಹ ಬಿಟ್ಟರು. ಶಾಂತಲಾದೇವಿಯ ತಾಯಿ ಮಾಚಿಕಬ್ಬೆ ಹನ್ನೆರಡನೆಯ ಶತಮಾನದಲ್ಲಿ ಬೆಳಗೊಳದಲ್ಲಿ ಒಂದು ತಿಂಗಳು ಸನ್ಯಸನವನ್ನು ನೋಂತು ಮುಡಿಪಿದಳೆಂದು ಹೇಳುವ ಶಾಸನವು ಸಾಕ್ಷಿಯಾಗಿದ್ದ ಗುರುಗಳ ಹೆಸರುಗಳನ್ನೂ ಕೊಡುತ್ತದೆ. ಸಾಕ್ಷಿಗಳನ್ನು ಕಲ್ಲಿನಲ್ಲಿ ಕೊರೆದಿಟ್ಟುದರಲ್ಲಿ, ಈ ಮರಣವು ಗುಟ್ಟಾಗಿ ನಡೆದುದಲ್ಲ, ಯಾರ ಒತ್ತಾಯದಿಂದಲೂ ನಡೆದುದಲ್ಲ ಎಂಬ ಧ್ವನಿಯಿದೆ.

ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟಿನಲ್ಲಿ ಈ ಆಚರಣೆಯನ್ನು ಆತ್ಮಹತ್ಯೆಗೆ ಸಮಾನವೆಂದಾಗ ಸಮಾಜವೆಲ್ಲ ಬೀದಿಗಿಳಿಯಿತು. ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಹೊರಗಿನವರ ಆಕ್ಷೇಪಕ್ಕೆ ಉತ್ತರ ಕೊಟ್ಟಷ್ಟೇ ಶ್ರದ್ಧೆಯಿಂದ, ಮನೆಯೊಳಗೆ ನಡೆಯಬಹುದಾದ ಒತ್ತಾಯವನ್ನು ಪರೀಕ್ಷಿಸಿದ್ದು ಕಡಿಮೆ. ಗುಣವಾಗದ ರೋಗಿಗೆ ಕೃತಕ ಜೀವಾಧಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಆ ಪತ್ರವು ವ್ರತವಲ್ಲ, ವ್ರತಕ್ಕೆ ಬದಲಿಯೂ ಅಲ್ಲ. ಆದರೆ ಹಿರಿಯರ ಇಚ್ಛೆ ಏನಿತ್ತೆಂದು ತಿಳಿಯದೆ ಮಕ್ಕಳು ಜಗಳವಾಡುವ ಸಂದರ್ಭವನ್ನು ಅದು ತಪ್ಪಿಸುತ್ತದೆ.

ಆಶ್ರಯಧಾಮದ ನಿಜವಾದ ಪರೀಕ್ಷೆ ಇಲ್ಲಿಯೇ ಇದೆ. ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕಳುಹಿಸಿ, ರೋಗಿಯೊಬ್ಬನನ್ನೇ ನಿಮಗೇನು ಬೇಕು ಎಂದು ಕೇಳುವ ಪದ್ಧತಿ ಅಲ್ಲಿದೆಯೇ? ಆಹಾರ ಬೇಡವೆಂದವನಿಗೆ ಬಲವಂತವಾಗಿ ಉಣಿಸುವುದನ್ನೂ, ಬೇಕೆಂದವನಿಗೆ ಮನೆಯವರ ಮಾತಿನಿಂದ ತಪ್ಪಿಸುವುದನ್ನೂ ಸಮನಾಗಿ ತಡೆಯುವ ಧೈರ್ಯ ಅಲ್ಲಿಯವರಿಗಿದೆಯೇ? ಶುಲ್ಕ ಕೊಡುವವರು ಮನೆಯವರಾದುದರಿಂದ ಅವರನ್ನು ಸಂತೋಷಪಡಿಸುವ ಸೆಳೆತ ಯಾವ ಸಂಸ್ಥೆಗೂ ಇರುತ್ತದೆ. ಮನೆಯವರಿಗೆ ಒಮ್ಮೊಮ್ಮೆ ಅಪ್ರಿಯವಾದುದನ್ನು ಹೇಳುವ ಧಾಮವು ಸದಾ ಒಪ್ಪುವ ಧಾಮಕ್ಕಿಂತ ಮೇಲು. ಗುರುಗಳಾಗಲಿ ತ್ಯಾಗಿಗಳಾಗಲಿ ಬಂದರೆ ಒಳಗೆ ಬಿಡುತ್ತಾರೆಯೇ, ರಾತ್ರಿ ಒಬ್ಬ ಬಂಧುವಿಗೆ ಹಾಸಿಗೆಯ ಬಳಿ ಕೂರಲು ಅವಕಾಶವಿದೆಯೇ ಎಂಬುದನ್ನೂ ಮುಂಚೆಯೇ ತಿಳಿದುಕೊಳ್ಳಬೇಕು.

ಜಲತ್ಯಾಗ ಮಾಡಿದವರ ಬಾಯಿ ಒಣಗಿದಾಗ ದಾದಿಯು ಒದ್ದೆ ಬಟ್ಟೆಯಿಂದ ತುಟಿ ಒರೆಸುವುದು ವಾಡಿಕೆ. ಅದು ಒಪ್ಪಿಗೆಯೇ ಎಂಬುದನ್ನು ವ್ರತ ಕೊಟ್ಟ ಗುರುಗಳಿಂದ ಮೊದಲೇ ಕೇಳಿ ತಿಳಿದು ದಾದಿಗೆ ಹೇಳಿಡಬೇಕು. ಆದರೆ ನಡುರಾತ್ರಿಯಲ್ಲಿ ಆ ವ್ರತಿಯೇ ಸ್ಪಷ್ಟವಾಗಿ ನೀರು ಬೇಕೆಂದರೆ? ಮನೆಯವರು ಮಲಗಿದ್ದಾರೆ, ಗುರುಗಳು ದೂರದಲ್ಲಿದ್ದಾರೆ, ಎದುರಿಗಿರುವವಳು ಪಾಳಿಯ ದಾದಿ. ಭಗವತೀ ಆರಾಧನೆಯಲ್ಲಿ ಇಂಥ ಸಂದರ್ಭಕ್ಕೆ ಕವಚವೆಂಬ ಪ್ರಕರಣವಿದೆ. ಕಂಗೆಟ್ಟವನಿಗೆ ಒಳ್ಳೆಯ ಮಾತುಗಳೇ ಕವಚವೆಂದು ಅಲ್ಲಿ ತೋರಿಸಲಾಗಿದೆ. ಅಂಥ ಮಾತನ್ನಾಡಬಲ್ಲ ಬಂಧುವನ್ನು ಆಕೆ ಎಬ್ಬಿಸಬೇಕು. ಅವನ ಮಾತು ಕೇಳಿದ ಬಳಿಕವೂ ವ್ರತಿಯು ನೀರನ್ನೇ ಕೇಳಿದರೆ ಕೊಡಬೇಕು. ತೊರೆದವನು ತಾನೇ ಮರಳಿ ಬೇಡುವಾಗ ಲೋಟವನ್ನು ದೂರ ಹಿಡಿಯುವ ಕೈ ವ್ರತವನ್ನು ಕಾಪಾಡುತ್ತಿಲ್ಲ. ಬೆಳಗಾದ ಮೇಲೆ ಗುರುಗಳಿಗೆ ತಿಳಿಸಿದರೆ ಪ್ರಾಯಶ್ಚಿತ್ತದ ಮಾತನ್ನು ಅವರು ಹೇಳುತ್ತಾರೆ.