ಮೇಲೆ ಜಾಗ ಇಲ್ಲದವರು

ಜೂನ್ ಮೊದಲ ವಾರ. ಚಿಕ್ಕಮಗಳೂರಿನ ಆಚೆ ಒಂದು ಕಾಫಿ ತೋಟದ ಹೋಂಸ್ಟೇ. ಮಳೆ ಬಿಟ್ಟ ಕತ್ತಲಲ್ಲಿ ಮಿಂಚುಹುಳ ನೋಡೋಕೆ ಅಂತ ಹೊರಗೆ ನಿಂತಿದ್ವಿ. ಕಾಲಡಿ ಜಿಗಣೆ ಇದೆಯಾ ಅಂತ ನಾನು ಮೊಬೈಲ್ ಟಾರ್ಚ್ ಹಾಕಿದೆ. ತೋಟದ ರೈಟರು ಮೆಲ್ಲಗೆ ಹೇಳಿದ್ರು: "ಸಾರ್, ಅದನ್ನ ಆರಿಸಿ. ಅವು ಜೋಡಿ ಹುಡುಕ್ತಾ ಇದಾವೆ."

ನಾಚಿಕೆ ಆಯ್ತು. ನಮಗೆ ಮನರಂಜನೆಯಾಗಿರೋ ಬೆಳಕು ಅವಕ್ಕೆ ಮಾತು. ಮಿನುಗುವ ಎಷ್ಟೋ ಪ್ರಭೇದಗಳಲ್ಲಿ ಗಂಡು ಹಾರುತ್ತಾ ಕೇಳುತ್ತದೆ, ಹೆಣ್ಣು ಹುಲ್ಲಿನ ಮೇಲೆ ಕೂತು ಉತ್ತರಿಸುತ್ತದೆ. ಒಂದೊಂದಕ್ಕೂ ಒಂದೊಂದು ಲಯ. ನಮ್ಮ ದೀಪ ಬಿದ್ದರೆ ಮಾತು ಕೇಳಿಸೋದೇ ಇಲ್ಲ.

ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಬಗೆಯ ಮಿಂಚುಹುಳಗಳಿವೆ. ಬೆಟ್ಟ ಹತ್ತಿದ ಹಾಗೆ 1,000 ಮೀಟರಿಗೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ತೇವ, ಮರ, ಮರಿಹುಳಗಳು ತಿನ್ನುವ ಬಸವನಹುಳು, ಎಲ್ಲವೂ ಬದಲಾಗುತ್ತವೆ. ಉಷ್ಣವಲಯದ ಬೆಟ್ಟಗಳಲ್ಲಿ ಸಾಮಾನ್ಯವಾಗಿ ಕೀಟಗಳ ಬಗೆಗಳು ಬುಡದಲ್ಲೋ ನಡುವಿನಲ್ಲೋ ಹೆಚ್ಚು, ತುದಿಯಲ್ಲಿ ಕಡಿಮೆ. ಆದರೆ ತುದಿಯ ಕೆಲವು ಕೆಳಗೆಲ್ಲೂ ಸಿಗೋದಿಲ್ಲ.

ಈಗ ಪ್ರಶ್ನೆ. ಉಳಿಸೋಕೆ ಹಣ, ಸಮಯ ಸ್ವಲ್ಪವೇ ಇದ್ದರೆ ಎಲ್ಲಿ ಹಾಕಬೇಕು? ನಮ್ಮ ಆಫೀಸಿನ ಬುದ್ಧಿ ತಕ್ಷಣ ಹೇಳುತ್ತೆ, ಸಂಖ್ಯೆ ಜಾಸ್ತಿ ಇರೋ ಕಡೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಿಸಿ ಏರಿದಾಗ ಬುಡದಲ್ಲಿರೋದು ಸ್ವಲ್ಪ ಮೇಲೆ ಸರಿಯಬಹುದು, ದಾರಿಯಲ್ಲಿ ಕಾಡು ಉಳಿದಿದ್ದರೆ. ತುದಿಯಲ್ಲಿರೋದು ಎಲ್ಲಿಗೆ ಹೋಗಬೇಕು? ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅದರ ಮೇಲೆ ಬರೀ ಆಕಾಶ.

ಎಷ್ಟು ಜನ ಇದ್ದಾರೆ ಅನ್ನೋದಷ್ಟೇ ನ್ಯಾಯದ ಅಳತೆ ಅಲ್ಲ, ಯಾರಿಗೆ ಬೇರೆ ದಾರಿ ಇಲ್ಲ ಅನ್ನೋದೂ ಅಳತೆಯೇ. ಆಸ್ಪತ್ರೆ ಕ್ಯೂನಲ್ಲಿ ಇದು ನಮಗೆ ಗೊತ್ತು. ಉಸಿರಾಡೋಕೆ ಆಗದ ಒಬ್ಬರು ಬಂದರೆ, ನೆಗಡಿಯ ಹತ್ತು ಜನ ದಾರಿ ಬಿಡ್ತೀವಿ. ಹಾಗಂತ ಬುಡದ ಕಾಡು ಹೋಗಲಿ ಅಂತಲ್ಲ. ಕೆಳಗಿನವರಿಗೆ ಮೇಲಕ್ಕೆ ದಾರಿ ಉಳಿಸೋದು, ಮೇಲಿನವರ ಮನೆ ಮುಟ್ಟದೇ ಇರೋದು, ಎರಡೂ ಬೇಕು.

ಹುಳ ಹೋದರೆ ನಿಂಗೇನು ನಷ್ಟ ಅಂತ ಗೆಳೆಯ ಕೇಳಿದ. ಬಹುಶಃ ಏನೂ ಇಲ್ಲ. ನನಗೆ ನಷ್ಟ ಆಗದ್ದೆಲ್ಲ ತಪ್ಪಲ್ಲ ಅನ್ನೋದಾದ್ರೆ, ನನ್ನ ಟಾರ್ಚೂ ತಪ್ಪಾಗಿರಲಿಲ್ಲ. ಆದರೆ ಅವತ್ತು ನಾಚಿಕೆ ಆಗಿದ್ದು ನಿಜ.

ಮುಂದಿನ ಟ್ರಿಪ್‌ಗೆ ಅವನೇ ಒಂದು ಲಿಂಕ್ ಕಳಿಸಿದ್ದಾನೆ. ಗುಡ್ಡದ ನೆತ್ತಿಯ ರೆಸಾರ್ಟ್, ರಾತ್ರಿಯಿಡೀ ಬಣ್ಣದ ದೀಪ. ಬೇಡ ಅಂದೆ. ಕಾರಣ ಹೇಳೋಕೆ ಅರ್ಧ ಗಂಟೆ ಹಿಡೀತು.